ನಮ್ಮ ಕೆರೆಯ ಮೊಸಳೆ

ಬರಿಂಗೋ ಕೆರೆಯ ದಕ್ಕೆಯಲ್ಲಿ ದೋಣಿ ನಡೆಸುವವರಿಗೆ ಬರವೇನೂ ಇರಲಿಲ್ಲ. ಆದರೂ ಗಾಡಿಯಿಂದ ಇಳಿದು ಬಂದವರಲ್ಲಿ ಅರ್ಧ ಜನ, "ಹದ್ದನ್ನ ಕರೀತಾನಂತಲ್ಲ, ಅವನೆಲ್ಲಿ?" ಎಂದೇ ಕೇಳುತ್ತಿದ್ದರು. ಉಳಿದ ದೋಣಿಯವರು ಮುಖ ಹುಳ್ಳಗೆ ಮಾಡಿಕೊಂಡು, "ಏ ಪಾರ್ಸಿಮೆ, ಬಾರಯ್ಯಾ, ನಿನ್ನ ಬೀಗರು ಬಂದವ್ರೆ!" ಎಂದು ಕೂಗಿ ಹೇಳುತ್ತಿದ್ದರು.

ಪಾರ್ಸಿಮೆ ಆತುರಪಡುವವನಲ್ಲ. ಜಾಲಿಮರದ ನೆರಳಿನಿಂದ ಎದ್ದು, ಚಹಾದ ಲೋಟವನ್ನು ಬಗ್ಗಿಸಿ ಕೊನೆಯ ಗುಟುಕನ್ನೂ ಮುಗಿಸಿ, ಉದ್ದನೆಯ ಕಾಲುಗಳನ್ನು ಬೀಸಿಕೊಂಡು ಬರುತ್ತಿದ್ದ. ಹಳೆಯ ಪದ್ಧತಿಯಂತೆ ಅವನ ಕೆಳದವಡೆಯ ಮುಂದಿನ ಎರಡು ಹಲ್ಲುಗಳನ್ನು ಎಳೆಯದರಲ್ಲೇ ಕಿತ್ತಿದ್ದರು. ಆ ಸಂದಿನಿಂದ ಅವನು ಹಾಕುವ ಸಿಳ್ಳು ನೀರಿನ ಮೇಲೆ ಜಾರಿಕೊಂಡು ಹೋಗಿ ಆಚೆ ದಡದ ಬಂಡೆಗೆ ಬಡಿದು ವಾಪಸು ಬರುತ್ತಿತ್ತು. ಬಂಡೆಯ ಮೇಲಿನ ಮರದಲ್ಲಿ ಕೂತ ಮೀನುಹದ್ದು ಕತ್ತು ಓರೆ ಮಾಡಿ ಕೇಳಿಸಿಕೊಳ್ಳುವುದು. ಪಾರ್ಸಿಮೆ ಮೀನನ್ನು ಮೇಲೆತ್ತಿ ತೋರಿಸಿ ದೂರಕ್ಕೆ ಎಸೆಯುವನು. ಬಿಳಿಯ ತಲೆ, ಕಂದು ರೆಕ್ಕೆ, ಚಾಚಿದ ಹಳದಿ ಕಾಲು ಎಲ್ಲವೂ ಒಂದೇ ಗೆರೆಯಾಗಿ ಕೆಳಗಿಳಿದು, ನೀರನ್ನು ಗೀರಿ, ಮೀನನ್ನು ಎತ್ತಿಕೊಂಡು ಹೋಗುವಾಗ ದೋಣಿಯಲ್ಲಿದ್ದವರು ಉಸಿರು ಬಿಡುವುದನ್ನೂ ಮರೆಯುತ್ತಿದ್ದರು.

ಅವನು ಹುಟ್ಟಿದ್ದು ಕೆರೆಯ ನಡುವಿನ ಓಲ್ ಕೊಕ್ವೆ ದ್ವೀಪದಲ್ಲಿ, ಆಡು ಕಾಯುವ ಇಲ್‌ಚಾಮುಸ್ ಕುಲದ ಮನೆಯಲ್ಲಿ. ಅಪ್ಪನ ಜೊತೆ ಬೆಂಡಿನ ತೆಪ್ಪದ ಮೇಲೆ ಕಾಲನ್ನು ನೀರಿಗೆ ಇಳಿಬಿಟ್ಟುಕೊಂಡು ಬಲೆ ಹಾಕಲು ಹೋಗುತ್ತಿದ್ದ. ಮೊಸಳೆ ಹತ್ತಿರ ಸುಳಿದರೆ ಅಪ್ಪ, ಅಡುಗೆಮನೆಗೆ ನುಗ್ಗಿದ ನಾಯಿಯನ್ನು ಗದರಿಸಿದ ಹಾಗೆ "ಹಚಾ" ಅನ್ನುತ್ತಿದ್ದ. ಅದು ಹೋಗುತ್ತಿತ್ತು. ಅಪ್ಪ ಮತ್ತೆ ತನ್ನ ಮಾತು ಮುಂದುವರಿಸುತ್ತಿದ್ದ.

ರೆಸಿಯಾನ್ ಅವನಿಗೆ ಸಿಕ್ಕಿದ್ದೂ ನೀರಿನ ಮೇಲೆಯೇ. ಅವಳದು ಪೂರ್ವ ದಂಡೆಯ ಮುಕುಟಾನ್ ಕಡೆ. ದ್ವೀಪದಲ್ಲಿ ಚಿಕ್ಕಪ್ಪನ ಮಗಳ ಮದುವೆಯೆಂದು ನೆಂಟರ ಜೊತೆ ಅವನ ದೋಣಿ ಹತ್ತಿದ್ದಳು. ಹುಡುಗಿಯರ ಎದುರು ಪಾರ್ಸಿಮೆ ದೋಣಿಯ ಮೂತಿಯ ಮೇಲೆ ನಿಂತು ಒಂದೇ ಕಾಲಿನಲ್ಲಿ ಕಸರತ್ತು ತೋರಿಸಲು ಹೋಗಿ ಧೊಪ್ಪನೆ ನೀರಿಗೆ ಬಿದ್ದ. ಮಿಕ್ಕವರು ಅಯ್ಯೋ ಎಂದರು. ರೆಸಿಯಾನ್ ನಗಲು ಶುರುಮಾಡಿದವಳು ದಡ ಮುಟ್ಟುವವರೆಗೂ ನಿಲ್ಲಿಸಲಿಲ್ಲ. ಇಳಿಯುವಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಇಷ್ಟು ಚೆನ್ನಾಗಿ ಬೀಳೋದು ಎಲ್ಲಿ ಕಲ್ತೆ?" ಎಂದು ಕೇಳಿದಳು. ಮಾರನೆಯ ವರ್ಷ ಅವಳನ್ನು ಮದುವೆಯಾಗಿ ಅದೇ ದೋಣಿಯಲ್ಲಿ ದಕ್ಕೆಯ ಹತ್ತಿರದ ತನ್ನ ಮನೆಗೆ ಕರೆತಂದ.

ಹದ್ದಿಗೆ ಎಸೆಯುವ ಮೀನು ಮುಳುಗಬಾರದೆಂದು ಅದರ ಹೊಟ್ಟೆಗೆ ಒಂದು ತುಂಡು ಬೆಂಡು ತುರುಕುತ್ತಾರೆ. ಬೆಂಡು ಹೆಚ್ಚಾದರೆ ಮೀನು ಅಂಗಾತ ಮಗುಚಿಕೊಳ್ಳುತ್ತದೆ, ಕಡಿಮೆಯಾದರೆ ಬಾಲ ಕೆಳಗಾಗುತ್ತದೆ. ರೆಸಿಯಾನ್ ಬೆಳಗ್ಗೆ ಒಲೆಯ ಮೇಲೆ ಚಹಾಕ್ಕಿಟ್ಟು, ಮೀನನ್ನು ಅಂಗೈಮೇಲೆ ತೂಗಿ ನೋಡಿ ಬೆಂಡು ಕತ್ತರಿಸುತ್ತಿದ್ದಳು. "ಸಿಳ್ಳೆ ಹೊಡೆಯೋನು ನೀನು, ಹೆಸರು ನಿಂದು. ಹದ್ದು ಬರೋದು ನನ್ನ ಮೀನಿಗೆ" ಎಂದು ಕಿಚಾಯಿಸುತ್ತಿದ್ದಳು. "ಹೌದಮ್ಮಾ ಹೌದು, ನಾನು ಬರೀ ನಿನ್ನ ಕೂಲಿಯೋನು" ಎಂದು ಅವನು ಬುಟ್ಟಿ ಎತ್ತಿಕೊಳ್ಳುತ್ತಿದ್ದ. ಎರಡು ಕೂಸುಗಳು ಮಣ್ಣು ಸೇರಿದ ಮೇಲೆ ಉಳಿದದ್ದು ಒಬ್ಬಳೇ ಮಗಳು, ಸಿಂಟಮೇ. ಗುಣದಲ್ಲಿ ತಾಯಿಯನ್ನೇ ಹೋಲುತ್ತಿದ್ದಳು. ಅಪ್ಪ ಬೀಗಿದರೆ ಸೂಜಿ ಚುಚ್ಚುವುದರಲ್ಲಿ ತಾಯಿಗಿಂತ ಒಂದು ಕೈ ಮೇಲು.

ಹದ್ದಿನ ನಂತರ ಮೊಸಳೆ. ದೋಣಿಯನ್ನು ದಡದ ಆಪುಹುಲ್ಲಿನ ಪಕ್ಕಕ್ಕೆ ತಂದು ಮೋಟಾರು ನಿಲ್ಲಿಸಿ ಪಾರ್ಸಿಮೆ ಗಿರಾಕಿಗಳಿಗೆ ಹೇಳುವ ಮಾತೊಂದಿತ್ತು. "ಹೆದರಬೇಡಿ. ನಮ್ಮ ಕೆರೆಯ ಮೊಸಳೆಗೆ ಮೀನು ಅಂದ್ರೆ ಪ್ರಾಣ, ಮನುಷ್ಯ ಅಂದ್ರೆ ವಾಕರಿಕೆ. ಸುಳ್ಳು ಅನಿಸಿದ್ರೆ ನೋಡಿ." ತೋಳನ್ನು ಮೊಣಕೈವರೆಗೂ ನೀರಿಗಿಳಿಸಿ, "ಬಾ ಭಾವಾ, ಎಷ್ಟು ದಿನ ಆಯ್ತು ಮನೆ ಕಡೆ ಬಂದು!" ಎಂದು ಕರೆಯುತ್ತಿದ್ದ. ಹೆಂಗಸರು ಕಿರುಚುತ್ತಿದ್ದರು. ಗಂಡಸರು ನಕ್ಕ ಹಾಗೆ ಮಾಡುತ್ತಿದ್ದರು. ಮೊಸಳೆ ಬೇಸರದಿಂದೆಂಬಂತೆ ಆಪಿನೊಳಕ್ಕೆ ಜಾರಿಕೊಳ್ಳುತ್ತಿತ್ತು.

ಅದು ಸುಳ್ಳಲ್ಲ. ಕೆರೆಯ ತುಂಬ ಮೀನಿತ್ತು, ಮೊಸಳೆಗಳು ಸಣ್ಣವು. ಹೆಂಗಸರು ಅದೇ ನೀರಿನಲ್ಲಿ ಪಾತ್ರೆ ತೊಳೆದು, ಮಕ್ಕಳನ್ನು ಮೀಯಿಸಿ, ತಾವೂ ಮಿಂದು ಬರುತ್ತಿದ್ದರು. ಅಪ್ಪ ಹೇಳಿದ್ದನ್ನು ಪಾರ್ಸಿಮೆ ಹೇಳಿದ. ಅವನು ಹೇಳಿದ್ದನ್ನು ದಕ್ಕೆಯವರೆಲ್ಲ ಕಲಿತರು.

ಆಮೇಲೆ ಕೆರೆ ಏರತೊಡಗಿತು. ಮಳೆಗಾಲ ಮುಗಿದರೂ ಇಳಿಯಲಿಲ್ಲ. ಮೊದಲು ದಕ್ಕೆ ಮುಳುಗಿತು, ಅದರ ಹಿಂದಿನ ಅಂಗಡಿಸಾಲು ಮುಳುಗಿತು, ಆಸ್ಪತ್ರೆಯ ಕಿಟಕಿಯೊಳಗೆ ಮೀನು ಓಡಾಡಿದವು. ದೊಡ್ಡ ಹೋಟೆಲೊಂದು ಬರೀ ಚಾವಣಿಯಾಗಿ ಉಳಿದು, ಅದರ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಂಡವು. ದಕ್ಕೆಯನ್ನು ಮೇಲಕ್ಕೆ ಸರಿಸಿದರು, ಪಾರ್ಸಿಮೆ ಎರಡು ಸಲ ಮನೆ ಕಿತ್ತು ಮೇಲಕ್ಕೆ ಕಟ್ಟಿದ. ಮೇಯಲು ಬರುವ ನೀರಾನೆಗಳು ಮನೆ ಮನೆಗಳ ಮಧ್ಯೆ ಓಡಾಡುವಂತಾದವು. ಜಾಲಿಮರಗಳು ನಿಂತಲ್ಲೇ ಸತ್ತು, ಅವುಗಳ ಬೇರಿನ ಸಂದಿನಲ್ಲಿ ಮೊಸಳೆಗಳು ಮನೆ ಮಾಡಿಕೊಂಡವು. ಮೀನು ಚದುರಿಹೋಗಿ ಬಲೆ ಬರಿದಾಗಿ ಬರತೊಡಗಿತು. ಅಲ್ಲೊಂದು ಆಡು ಹೋಯಿತು, ಇಲ್ಲೊಂದು ನಾಯಿ ಹೋಯಿತು.

"ನಿನ್ನ ಭಾವ ಈಗೀಗ ಊಟದ ಹೊತ್ತಿಗೆ ಸರಿಯಾಗಿ ಬರ್ತಾನೆ" ಎಂದಳು ಸಿಂಟಮೇ ಒಂದು ದಿನ, ಅವರದೇ ಆಡು ಕಾಣೆಯಾದಾಗ.

"ಆಡಿಗೂ ಮನುಷ್ಯನಿಗೂ ವ್ಯತ್ಯಾಸ ಗೊತ್ತು ಅವಕ್ಕೆ" ಎಂದ ಪಾರ್ಸಿಮೆ. ರೆಸಿಯಾನ್ ಉಳಿದ ಆಡುಗಳನ್ನು ಕಟ್ಟಿಹಾಕಲು ಹೋದಳು. ಅವಳು ಗಂಡನನ್ನು ಎಲ್ಲದಕ್ಕೂ ಗೇಲಿ ಮಾಡುತ್ತಿದ್ದಳು. ಕೆರೆಯ ವಿಷಯದಲ್ಲಿ ಮಾತ್ರ ಅವನ ಮಾತನ್ನು ನಂಬುತ್ತಿದ್ದಳು.

ಹಳೆಯ ಡಾಂಬರು ರಸ್ತೆ ನೀರಿನೊಳಕ್ಕೆ ಇಳಿದು ಮಾಯವಾಗುವ ಜಾಗದಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅಲ್ಲಿ ಕಾಲಿಗೆ ಕೆಸರಾಗುವುದಿಲ್ಲ. ಆ ಮಧ್ಯಾಹ್ನ ರೆಸಿಯಾನ್ ಮತ್ತು ಸಿಂಟಮೇ ಇಬ್ಬರೇ ಇದ್ದರು. ದೊಡ್ಡ ಹೊದಿಕೆಯೊಂದನ್ನು ತಾಯಿ ಒಂದು ತುದಿ, ಮಗಳು ಒಂದು ತುದಿ ಹಿಡಿದು ಹಿಂಡುತ್ತಿದ್ದರು. ತಾಯಿಯ ಬೆನ್ನು ನೀರಿನ ಕಡೆಗಿತ್ತು. ಪಕ್ಕದ ಮನೆಯವಳ ಗಂಡ ಚಪಾತಿ ಸುಡಲು ಹೋಗಿ ಮೀಸೆ ಸುಟ್ಟುಕೊಂಡ ಕತೆ ಹೇಳುತ್ತಿದ್ದಳು. ಹೇಳುತ್ತಿದ್ದಂತೆಯೇ ಅವಳ ಕಾಲು ಹಿಂದಕ್ಕೆ ಹೋಯಿತು.

ಸಿಂಟಮೇ ಹೊದಿಕೆ ಬಿಡಲಿಲ್ಲ. ರೆಸಿಯಾನೂ ಬಿಡಲಿಲ್ಲ. ಹುಡುಗಿ ಮೊಳಕಾಲು ನೀರಿಗೆ, ಅಲ್ಲಿಂದ ಸೊಂಟದ ನೀರಿಗೆ, ಅಲ್ಲಿಂದ ಎದೆಮಟ್ಟಕ್ಕೆ ಎಳೆಸಿಕೊಂಡು ಹೋದಳು. ಆಗ ರೆಸಿಯಾನ್ ಮಗಳ ಮುಖವನ್ನು ನೋಡಿದಳು. ನೋಡಿ, ಎರಡು ಕೈಯನ್ನೂ ಬಿಟ್ಟಳು.

ಪಾರ್ಸಿಮೆ ಆಗ ಆಚೆ ಬಂಡೆಯ ಕೆಳಗೆ ಗಿರಾಕಿಗಳಿಗೆ ಹದ್ದು ತೋರಿಸುತ್ತಿದ್ದ. ಅವನಿಗೆ ಗೊತ್ತಾಗುವ ಹೊತ್ತಿಗೆ ದಕ್ಕೆಯ ದೋಣಿಗಳೆಲ್ಲ ನೀರಿಗಿಳಿದಿದ್ದವು. ಮಾರನೆಯ ಬೆಳಗ್ಗೆ ಸತ್ತ ಜಾಲಿಮರಗಳ ಮಧ್ಯೆ ಅವಳು ಸಿಕ್ಕಳು. ಅವಳನ್ನು ಬಟ್ಟೆಯಲ್ಲಿ ಸುತ್ತಿ ದೋಣಿಗೆ ಎತ್ತಿದವರು ಪಾರ್ಸಿಮೆಗೆ ಮುಖ ಮಾತ್ರ ತೋರಿಸಿದರು. ನೀರು ಎಂದೂ ಬರಲಾರದಷ್ಟು ಮೇಲೆ, ಕಲ್ಲುಗುಡ್ಡದ ಓರೆಯಲ್ಲಿ ಮಣ್ಣು ಮಾಡಿದರು.

ಸಿಂಟಮೇ ಅಪ್ಪನಿಗೆ ಆ ದಿನದ ಕತೆ ಹೇಳಿದ್ದು ಒಂದೇ ಸಲ. "ಅಮ್ಮಂಗೆ ಇನ್ನೂ ಶಕ್ತಿ ಇತ್ತಪ್ಪ. ಕೈ ಜಾರಲಿಲ್ಲ. ಅವಳೇ ಬಿಟ್ಲು. ನನ್ನ ನೋಡ್ಬಿಟ್ಟು ಬಿಟ್ಲು." ಪಾರ್ಸಿಮೆ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಕೂತ. ಅಳು ಇಬ್ಬರಿಗೂ ಬರಲಿಲ್ಲ. ಹೊರಗೆ ನೆಂಟರು ಅಳುತ್ತಿದ್ದರು.

ದುಃಖದ ಮನೆಗೆ ಬಂದವರಲ್ಲಿ ದೋಣಿಯವರ ಸಂಘದ ಮುಖಂಡ ಲೆಶೋರೊನೂ ಒಬ್ಬ. ಸಕ್ಕರೆ, ಚಹಾಪುಡಿ ತಂದಿದ್ದ. ಕೆಟ್ಟವನಲ್ಲ. ರಾತ್ರಿಯೆಲ್ಲ ದೋಣಿಯಲ್ಲಿ ನಿಂತು ಹುಡುಕಿದವರಲ್ಲಿ ಅವನೂ ಇದ್ದ. ಚಹಾ ಮುಗಿಸಿ ಲೋಟವನ್ನು ಬದಿಗಿಟ್ಟು ಮಾತು ತೆಗೆದ.

"ಪಾರ್ಸಿಮೆ, ಈ ಮಾತು ಇವತ್ತು ಆಡಬಾರದು. ಆದ್ರೆ ಆಡದೆ ಗತಿಯಿಲ್ಲ. ನಕುರುವಿನಿಂದ ಬರಬೇಕಿದ್ದ ಎರಡು ಗಾಡಿ ಸುದ್ದಿ ಕೇಳಿ ದಾರಿಯಿಂದಲೇ ವಾಪಸು ಹೋದ್ವು."

ಪಾರ್ಸಿಮೆ ಒಲೆಗೆ ಒಂದು ಸೌದೆ ಸರಿಸಿದ.

"ಹೊಲ ಮುಳುಗಿದೆ, ಮೀನಿಲ್ಲ. ಇಲ್ಲಿ ಒಲೆ ಉರೀತಿರೋದು ದೋಣಿಯಿಂದ. ಗಿರಾಕಿ ಕೇಳಿದ್ರೆ..." ಲೆಶೋರೊ ಒಂದು ಕಡ್ಡಿ ತೆಗೆದುಕೊಂಡು ಮುರಿದ. "ಕಾಲು ಜಾರಿ ಬಿದ್ಲು, ಮುಳುಗಿದ್ಲು. ಅಷ್ಟೇ. ನಾವೆಲ್ಲ ಹಾಗೇ ಹೇಳೋಣ ಅಂತ ಮಾತಾಡ್ಕೊಂಡಿದೀವಿ."

"ನೀವೆಲ್ಲ ಹೇಳಿ."

"ನಾವು ಹೇಳಿ ಏನು ಬಂತು? ಜನ ಕೇಳೋದು ನಿನ್ನ ಮಾತನ್ನ."

ಪಾರ್ಸಿಮೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಲೆಶೋರೊ ಅದನ್ನು ಹೂಂ ಎಂದೇ ತಿಳಿದು ಎದ್ದು ಹೋದ.

ಕೆಲವು ವಾರ ಪಾರ್ಸಿಮೆ ದಕ್ಕೆಗೆ ಹೋಗಲಿಲ್ಲ. ಸಿಂಟಮೇ ಜೋಳದ ಹಿಟ್ಟಿನ ಉಗಾಲಿ ಮುದ್ದೆ ಬೇಯಿಸಿ ಮುಂದಿಡುತ್ತಿದ್ದಳು, ಇಬ್ಬರೂ ಒಂದಿಷ್ಟು ತಿಂದು ಮಿಕ್ಕಿದ್ದನ್ನು ಆಡುಗಳಿಗೆ ಹಾಕುತ್ತಿದ್ದರು. ಕೊನೆಗೆ ಅವಳೇ ಹೇಳಿದಳು: "ಅಪ್ಪ, ನೀನು ಹೋಗು. ಮನೇಲಿ ಕೂತ್ರೆ ನಿಂಗೆ ಹುಚ್ಚು ಹಿಡಿಯುತ್ತೆ. ನಾನೂ ಒಂದಷ್ಟು ದಿನ ಮುಕುಟಾನ್‌ಗೆ ಹೋಗಿ ಅಜ್ಜಿ ಜೊತೆ ಇದ್ದು ಬರ್ತೀನಿ. ಗಿರಾಕಿ ಬಂದ ದಿನ ಹಾಗೇ ಆಚೆ ದಡಕ್ಕೆ ಬಿಟ್ಬಿಡು."

ಗಿರಾಕಿ ಬಂದರು. ನಕುರುವಿನಿಂದ ಬಂದ ಒಂದು ಸಂಸಾರ: ಗಂಡ, ಹೆಂಡತಿ, ಹೆಂಡತಿಯ ತಾಯಿ, ಆರೇಳು ವರ್ಷದ ಒಂದು ಹೆಣ್ಣು ಮಗು. ಮಗುವಿನ ಹೆಸರು ವಂಜಾ. ಹತ್ತಿದಾಗಿನಿಂದ ಅವಳ ಬಾಯಿಗೆ ಬಿಡುವಿರಲಿಲ್ಲ. ಅದು ಯಾವ ಹಕ್ಕಿ, ಇದು ಯಾಕೆ ಹಾರಲ್ಲ, ನೀರಾನೆ ಹಲ್ಲು ಉಜ್ಜುತ್ತಾ? ಪಾರ್ಸಿಮೆ ಒಂದೊಂದಕ್ಕೂ ಉತ್ತರ ಕೊಟ್ಟ. ಮಿಂಚುಳ್ಳಿ ತೋರಿಸಿದ, ಗೀಜಗನ ಗೂಡು ತೋರಿಸಿದ, ಬಂಡೆಯ ಮೇಲೆ ಬಿಸಿಲು ಕಾಯುತ್ತಿದ್ದ ಉಡ ತೋರಿಸಿದ. ಹದ್ದಿಗೆ ಮೀನು ಎಸೆದ. ಆ ಮೀನಿಗೆ ಬೆಂಡು ತುರುಕಿದವನು ಅವನೇ. ಅದು ಪಕ್ಕಕ್ಕೆ ವಾಲಿಕೊಂಡು ತೇಲಿತು. ಹದ್ದು ಒಮ್ಮೆ ತಪ್ಪಿ, ಸುತ್ತುಹಾಕಿ ಬಂದು ಎತ್ತಿಕೊಂಡಿತು. ದೋಣಿಯ ಮೂತಿಯ ಬಳಿ ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಸಿಂಟಮೇ ಅದನ್ನು ನೋಡಿ ಮುಖ ತಿರುಗಿಸಿಕೊಂಡಳು.

ಆಪಿನ ಪಕ್ಕ ಮೋಟಾರು ನಿಂತಿತು. ಮೊಸಳೆಯೊಂದು ಅರ್ಧ ಮೈ ದಡದಲ್ಲಿಟ್ಟು ಬಾಯಿ ತೆರೆದು ಮಲಗಿತ್ತು.

"ಇಲ್ಲಿ ಒಬ್ಬಳು ಹೆಂಗಸನ್ನ ಮೊಸಳೆ ಹಿಡೀತಂತೆ, ಹೌದೇನಪ್ಪ?" ಎಂದಳು ಮುದುಕಿ.

ಪಾರ್ಸಿಮೆಗೆ ಮಗಳ ಬೆನ್ನು ಮಾತ್ರ ಕಾಣುತ್ತಿತ್ತು. ಅವನಿಗೆ ಲೆಶೋರೊನ ಮುಖ ನೆನಪಾಯಿತು, ದಕ್ಕೆಯಲ್ಲಿ ಸಾಲಾಗಿ ಕಟ್ಟಿಹಾಕಿದ ಖಾಲಿ ದೋಣಿಗಳು ನೆನಪಾದವು. ಇಷ್ಟು ವರ್ಷ ಹೇಳಿ ಹೇಳಿ ನಾಲಿಗೆಗೆ ಅಂಟಿದ ಮಾತು ತಾನಾಗಿಯೇ ಹೊರಬಿತ್ತು.

"ಯಾರೋ ಸುಮ್ಮನೆ ಹಬ್ಬಿಸಿದ್ದು, ಅಜ್ಜಿ. ನಮ್ಮ ಕೆರೆಯ ಮೊಸಳೆಗೆ ಮೀನು ಅಂದ್ರೆ ಪ್ರಾಣ, ಮನುಷ್ಯ ಅಂದ್ರೆ ವಾಕರಿಕೆ."

"ಹಂಗಾದ್ರೆ ಮೊಸಳೇನ ನಾನು ಕರೀಲಾ?" ಎಂದಳು ವಂಜಾ. ಯಾರಾದರೂ ಬೇಡ ಅನ್ನುವ ಮೊದಲೇ ಅಂಚಿನ ಮೇಲಿಂದ ಬಗ್ಗಿ ಕೈಯನ್ನು ನೀರಿಗೆ ಅದ್ದಿದಳು.

ಪಾರ್ಸಿಮೆ ಏನು ಮಾಡಿದನೆಂದು ಅವನಿಗೇ ತಿಳಿಯಲಿಲ್ಲ. ಹಿಂಬದಿಯಿಂದ ಎರಡು ಹಲಗೆ ದಾಟಿ ಹಾರಿದ್ದ. ದೋಣಿ ಒಂದು ಕಡೆಗೆ ವಾಲಿ ನೀರು ಒಳನುಗ್ಗಿತು. ಮಗುವಿನ ಮುಂಗೈ ಹಿಡಿದು ಎಷ್ಟು ಜೋರಾಗಿ ಎಳೆದನೆಂದರೆ ಅವಳು ಹಿಮ್ಮುಖವಾಗಿ ಅಜ್ಜಿಯ ಮಡಿಲಿಗೆ ಬಿದ್ದು ಕಿಟಾರನೆ ಅತ್ತಳು.

"ಏನಯ್ಯಾ ನಿಂಗೆ ತಲೆ ಕೆಟ್ಟಿದ್ಯಾ? ಮಗು ಕೈ ಮುರಿತಿದ್ದೆಯಲ್ಲ!" ಎಂದು ತಂದೆ ಎದ್ದುನಿಂತ.

"ಮುಳ್ಳಿದೆ... ನೀರಿನೊಳಗೆ ಜಾಲಿಮುಳ್ಳು" ಎಂದ ಪಾರ್ಸಿಮೆ.

ಆಗ ಸಿಂಟಮೇ ತಿರುಗಿದಳು. ಮನೆಮಾತಿನಲ್ಲಿ ಅಲ್ಲ, ಎಲ್ಲರಿಗೂ ತಿಳಿಯಲೆಂದು ಸ್ವಾಹಿಲಿಯಲ್ಲಿ ಹೇಳಿದಳು: "ಮುಳ್ಳಲ್ಲ. ಅಜ್ಜಿ ಕೇಳಿದ್ದು ನಿಜ. ಮೊಸಳೆ ಹಿಡಿದಿದ್ದು ನಮ್ಮಮ್ಮನ್ನ. ನಾನು ಅವಳ ಎದುರಿಗೇ ಇದ್ದೆ. ನಾನು ಬದುಕಲಿ ಅಂತ ಕೈ ಬಿಟ್ಲು."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮುದುಕಿ ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಪಾರ್ಸಿಮೆಯನ್ನು ನೋಡಿದಳು. "ಏನಪ್ಪ ಇದು? ಈ ಹುಡುಗಿ ನಿನಗೇನಾಗಬೇಕು?"

"ಮಗಳು."

"ಮತ್ತೆ ಅವಳು ಹೇಳ್ತಿರೋದು?"

ಅಲ್ಲಿ ಅವನು ಹೌದೆಂದು ತಲೆಯಾಡಿಸಿದ್ದರೂ ಸಾಕಿತ್ತು. ಬಾಯಿ ತೆರೆಯಬೇಕಾಗಿರಲಿಲ್ಲ. ಆದರೆ ಒಂದು ಸುಳ್ಳು ಹೇಳಿಯಾಗಿತ್ತು, ಅದರ ಹಿಂದೆ ಇನ್ನೊಂದೂ ಹೇಳಿಯಾಗಿತ್ತು, ಮೂರನೆಯದು ದಾರಿ ಸಿಕ್ಕ ನೀರಿನ ಹಾಗೆ ಹರಿದು ಬಂತು.

"ಅವಳ ತಾಯಿ ಕಾಲು ಜಾರಿ ಮುಳುಗಿದಳು, ಅಜ್ಜಿ. ಹುಡುಗಿಗೆ ಆ ಸಂಕಟದಲ್ಲಿ... ಏನೇನೋ ಕಂಡಹಾಗಾಗುತ್ತೆ."

ಮುದುಕಿ ನಾಲಿಗೆಯಲ್ಲಿ ಲೊಚಗುಟ್ಟಿದಳು. "ಪಾಪ ಕೂಸು" ಎಂದು ಸಿಂಟಮೇಯ ಬೆನ್ನು ಸವರಲು ಕೈ ಚಾಚಿದಳು. ಸಿಂಟಮೇ ಆ ಕೈಯಿಂದ ದೂರ ಸರಿಯಲಿಲ್ಲ. ಅಪ್ಪನನ್ನು ನೋಡುತ್ತಿದ್ದಳು. ಸಿಟ್ಟಿನಿಂದ ನೋಡಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಪರಿಚಯದವನೆಂದುಕೊಂಡು ಮಾತಾಡಿಸಿ, ಬೇರೆ ಯಾರೋ ಎಂದು ಗೊತ್ತಾದಾಗ ನೋಡುತ್ತಾರಲ್ಲ, ಹಾಗೆ ನೋಡುತ್ತಿದ್ದಳು.

ಪೂರ್ವ ದಂಡೆಯಲ್ಲಿ ದೋಣಿ ನಿಲ್ಲಿಸಿದಾಗ ಗಂಟು ತಲೆಯ ಮೇಲಿಟ್ಟುಕೊಂಡು ಇಳಿದಳು. ಪಾರ್ಸಿಮೆ ಹಿಂದೆಯೇ ನೀರಿಗಿಳಿದು, "ಸಿಂಟಮೇ, ಕೇಳಿಲ್ಲಿ, ನಿಲ್ಲೇ" ಎಂದ. ಅವಳು ನಿಲ್ಲಲಿಲ್ಲ. ಗಿರಾಕಿಗಳು ಕಾಯುತ್ತಿದ್ದರು. ಅವನು ದೋಣಿಗೆ ವಾಪಸು ಹತ್ತಿದ.

ಅವತ್ತು ದಕ್ಕೆಯಲ್ಲಿ, ಗಿರಾಕಿಗಳ ಬಾಯಿಂದ ವಿಷಯ ಕೇಳಿದ ಲೆಶೋರೊ ಅವನ ಹೆಗಲ ಮೇಲೆ ಕೈಯಿಟ್ಟು, "ನೀನು ನಮ್ಮೆಲ್ಲರ ಮರ್ಯಾದೆ ಉಳಿಸ್ದೆ ಕಣಯ್ಯಾ" ಎಂದ. ಮುಂದಿನ ದಿನಗಳಲ್ಲಿ ಗಾಡಿಗಳು ಬಂದವು. ಮೊದಲ ಗಿರಾಕಿ ಪಾರ್ಸಿಮೆಗೇ ಎಂದು ಎಲ್ಲರೂ ಒಪ್ಪಿ ಬಿಟ್ಟುಕೊಟ್ಟರು. ಅವನು ಹೋಗುತ್ತಿದ್ದ, ಹದ್ದು ತೋರಿಸುತ್ತಿದ್ದ, ಆ ಮಾತು ಹೇಳುತ್ತಿದ್ದ. ತೋಳನ್ನು ಮಾತ್ರ ನೀರಿಗಿಳಿಸುತ್ತಿರಲಿಲ್ಲ. ಮನೆಗೆ ಬಂದು ಒಲೆ ಹೊತ್ತಿಸಲು ಬೇಸರವಾಗಿ ತಣ್ಣನೆಯ ಹಾಲು ಕುಡಿದು ಮಲಗುತ್ತಿದ್ದ.

ಕೆಲವು ದಿನವಾದ ಮೇಲೆ ಮಗಳನ್ನು ಕರೆತರಲು ಹೋದ. ಅತ್ತೆ ನೊಲಾರಮಿ ಬಾಗಿಲಲ್ಲಿ ಕೂತು ಮಣಿ ಪೋಣಿಸುತ್ತಿದ್ದಳು. ಮಗಳನ್ನು ಕಳೆದುಕೊಂಡ ಮೇಲೆ ಅವಳ ಕಣ್ಣು ಮಂಜಾಗಿತ್ತು. ಆದರೂ ಹೆಜ್ಜೆಯ ಸದ್ದಿನಲ್ಲೇ ಅಳಿಯನನ್ನು ಗುರುತಿಸಿದಳು.

"ಬಂದ್ಯಾ? ಕೂತ್ಕೋ."

"ಸಿಂಟಮೇನ ಕರ್ಕೊಂಡು ಹೋಗೋಣ ಅಂತ ಬಂದೆ, ಅತ್ತೆ."

"ಅವಳನ್ನೇ ಕೇಳು."

ಸಿಂಟಮೇ ಸೌದೆ ಹೊರೆ ಇಳಿಸಿ ಬಂದು ಎದುರು ನಿಂತಳು. ಹಿರಿಯರಿಗೆ ಮಾಡುವಂತೆ ತಲೆ ತಗ್ಗಿಸಿದಳು. ಅವನು ತಲೆ ಮುಟ್ಟಿದ. ಆಮೇಲೆ ಅವಳು ಹೇಳಿದಳು: "ದೂರದಿಂದ ಬಂದಿದೀರಿ. ಊಟ ಮಾಡ್ಕೊಂಡು ಹೋಗಿ."

ಹುಟ್ಟಿದಾಗಿನಿಂದ ಅವನನ್ನು ನೀನು ಎಂದೇ ಕರೆದವಳು. ಏ ಅಪ್ಪ, ನಿಂಗೇನೂ ಬರಲ್ಲ ಹೋಗು ಎಂದು ಬೆನ್ನಿಗೆ ಗುದ್ದಿದವಳು. ಪಾರ್ಸಿಮೆ ಆ ಬಹುವಚನವನ್ನು ಕೇಳಿಸಿಕೊಂಡೇ ಊಟಕ್ಕೆ ಕೂತ. ತಟ್ಟೆ ಬಂತು. ಮೀನು ಚೆನ್ನಾಗಿ ಬೆಂದಿತ್ತು. ತಿಂದ. ನಾನು ತಪ್ಪು ಮಾಡಿದೆ ಎನ್ನಲು ಎರಡು ಸಲ ಬಾಯಿ ತೆರೆದ. ಅಷ್ಟರಲ್ಲಿ ಅವಳು ನೀರು ತಂದಿಟ್ಟಳು, ತಟ್ಟೆ ಎತ್ತಿಕೊಂಡಳು, ಆಡು ಕಟ್ಟಲು ಹೋದಳು. ಅವಳಲ್ಲಿ ಒರಟು ಏನೂ ಇರಲಿಲ್ಲ. ಅದಕ್ಕೇ ಮಾತಾಡಲು ಎಡೆಯೇ ಸಿಗಲಿಲ್ಲ.

ಹೊರಡುವಾಗ ನೊಲಾರಮಿ ಹೇಳಿದಳು: "ಅವಳ ತಾಯಿ ಕೊಟ್ಟು ಹೋಗಿದ್ದು ಒಂದೇ ಕಣಪ್ಪ, ಆ ಕೈ ಬಿಟ್ಟಿದ್ದು. ನೀನು ಅದನ್ನೇ ಇಲ್ಲ ಅಂದ್ಬಿಟ್ಟೆ."

ಮಾರನೆಯ ವಾರ ಒಂದು ಗುಂಪು ಗಿರಾಕಿಗಳನ್ನು ಅವನು ಆಪಿನ ಬಳಿಗೆ ಕರೆದೊಯ್ಯಲಿಲ್ಲ. ಡಾಂಬರು ರಸ್ತೆ ನೀರಿಗಿಳಿಯುವ ಜಾಗದ ಎದುರು ಮೋಟಾರು ನಿಲ್ಲಿಸಿದ. "ನನ್ನ ಹೆಂಡತಿ ರೆಸಿಯಾನ್‌ನ ಮೊಸಳೆ ಎಳೆದದ್ದು ಇಲ್ಲಿ" ಎಂದ. "ಮಗಳು ಹೊದಿಕೆಯ ಆ ತುದಿ ಹಿಡಿದಿದ್ಳು, ಇವಳು ಈ ತುದಿ. ಇವಳು ಬಿಟ್ಟಳು, ಅದಕ್ಕೇ ನನ್ನ ಮಗಳಿದ್ದಾಳೆ. ದೋಣಿಯಿಂದ ಕೈ ಹೊರಗೆ ಹಾಕಬೇಡಿ. ದಡದಲ್ಲಿ ನೀರಿಗೆ ಬೆನ್ನು ಕೊಟ್ಟು ನಿಲ್ಲಬೇಡಿ." ಗಿರಾಕಿಗಳಲ್ಲಿ ಒಬ್ಬ ಟೋಪಿ ತೆಗೆದ. ಒಬ್ಬಳು ಬೇಗ ವಾಪಸು ಹೋಗೋಣ ಎಂದಳು.

ಮುಂದೆ ಬಂದ ಪ್ರತಿ ಗುಂಪಿಗೂ ಹಾಗೆಯೇ ಹೇಳಿದ. ಸಂಘದವರು ಎರಡು ಸಲ ಕೂರಿಸಿ ಬುದ್ಧಿ ಹೇಳಿದರು. ಮೂರನೆಯ ಸಲ ಲೆಶೋರೊ ಎಲ್ಲರೆದುರು ಕೂಗಾಡಿದ: "ಸತ್ತೋಳು ಸತ್ಲು, ಇರೋರನ್ನೂ ಸಾಯಿಸ್ತೀಯಾ? ಆವತ್ತು ನಿನ್ನ ಬಾಯಲ್ಲೇ ತಾನೆ ಬಂದಿದ್ದು ಕಾಲು ಜಾರಿದ್ಲು ಅಂತ?"

"ಹೌದು" ಎಂದ ಪಾರ್ಸಿಮೆ. "ಅದಕ್ಕೇ ಈಗ ಇಷ್ಟು ಸಲ ಹೇಳಬೇಕಾಗಿದೆ."

ದಕ್ಕೆಯಲ್ಲಿ ಅವನಿಗೆ ಗಿರಾಕಿ ಕೊಡುವುದನ್ನು ನಿಲ್ಲಿಸಿದರು. ಅವನು ವಾದಿಸಲಿಲ್ಲ. ದ್ವೀಪದಿಂದ ದಡಕ್ಕೆ, ದಡದಿಂದ ದ್ವೀಪಕ್ಕೆ ಜನರನ್ನೂ ಆಡುಗಳನ್ನೂ ಜೋಳದ ಹಿಟ್ಟಿನ ಚೀಲಗಳನ್ನೂ ದಾಟಿಸತೊಡಗಿದ. ಸಿಳ್ಳು ಹಾಕುವುದು ನಿಂತುಹೋಯಿತು. ಆಡುಗಳಿಗೆ ಹದ್ದು ತೋರಿಸಿ ಏನಾಗಬೇಕು ಎನ್ನುತ್ತಿದ್ದ. ಬಹುಶಃ ಅದೇ ಅವನು ಆ ವರ್ಷ ಆಡಿದ ಒಂದೇ ತಮಾಷೆಯ ಮಾತು.

ಅವನು ನಿಜ ಹೇಳಿದ ಸುದ್ದಿ ಮುಕುಟಾನ್ ದಡಕ್ಕೂ ಮುಟ್ಟಿತು. ನೆಂಟನೊಬ್ಬ ಹೋಗಿ ಸಿಂಟಮೇಗೆ, "ನಿಮ್ಮಪ್ಪ ಅದಕ್ಕೋಸ್ಕರ ಅನ್ನವನ್ನೇ ಕಳ್ಕೊಂಡ ಕಣಮ್ಮ" ಎಂದನಂತೆ. ಅವಳು, "ಒಳ್ಳೇದು ಮಾಡಿದ್ರು. ಆದ್ರೆ ನಾನು ಆ ದೋಣೀಲಿದ್ದಾಗ ಅವರು ಹೇಳಲಿಲ್ಲ" ಎಂದಳಂತೆ. ನೆಂಟ ಆ ಮಾತನ್ನು ತಂದು ಪಾರ್ಸಿಮೆಗೆ ಒಪ್ಪಿಸಿದ. ಪಾರ್ಸಿಮೆ ಹಗ್ಗ ಸುತ್ತುತ್ತಿದ್ದವನು ಸುತ್ತಿ ಮುಗಿಸಿ, "ಅವಳು ಹೇಳಿದ್ದು ಸರಿ" ಎಂದ.

ಎರಡು ವರ್ಷದ ಮೇಲೆ ನೊಲಾರಮಿಯಿಂದ ಹೇಳಿಕೆ ಬಂತು. ಸಿಂಟಮೇಗೆ ಗಂಡು ನೋಡಿಯಾಗಿದೆ, ಅವಳೂ ಒಪ್ಪಿದ್ದಾಳೆ, ಹುಡುಗ ಮೇಲಿನ ಊರಿನವನು, ಜೇನು ಸಾಕುತ್ತಾನೆ, ಮನೆಯಿಂದ ಕೆರೆ ಕಾಣುವುದೂ ಇಲ್ಲ. ತಂದೆ ಬರಬೇಕು. ಪಾರ್ಸಿಮೆ ಹೊಸ ಹೊದಿಕೆ ಹೊದ್ದು, ಗಡ್ಡ ಬೋಳಿಸಿಕೊಂಡು ಹೋದ. ಮರದಡಿಯಲ್ಲಿ ಹಿರಿಯರು ಸಾಲಾಗಿ ಕೂತಿದ್ದರು. ಅವರ ಮಧ್ಯೆ ಅವನಿಗೂ ಒಂದು ಮಣೆ ಕೊಟ್ಟರು.

ಮದುವಣಗಿತ್ತಿ ಹೊರಡುವ ಮೊದಲು ಆಶೀರ್ವಾದ ಪಡೆಯಲು ಬಂದಳು. ಬೋಳಿಸಿದ ತಲೆಗೆ ಕಾವಿಮಣ್ಣು ಮತ್ತು ಬೆಣ್ಣೆ ಸವರಿದ್ದರು, ಕೊರಳ ತುಂಬ ಮಣಿಸರ. ಒಬ್ಬೊಬ್ಬ ಹಿರಿಯನ ಮುಂದೆಯೂ ತಲೆ ಬಾಗಿಸಿ, ಅವನು ಮುಟ್ಟಿದ ಮೇಲೆ ಮುಂದಕ್ಕೆ ಸರಿಯುತ್ತಿದ್ದಳು. ಪಾರ್ಸಿಮೆಯ ಮುಂದೆ ಬಂದಳು. ಬಗ್ಗಿದಳು. ಅವನು ಕೈಯಿಟ್ಟ. ಇಷ್ಟು ದಿನ ದೋಣಿಯಲ್ಲಿ ಒಬ್ಬನೇ ಹೇಳಿಕೊಂಡು ಅಭ್ಯಾಸ ಮಾಡಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. "ನಿನ್ನಮ್ಮ..." ಎಂದ.

ಸಿಂಟಮೇ ತಲೆ ಎತ್ತಲಿಲ್ಲ. "ಹೂಂ" ಎಂದಳು ಮೆಲ್ಲಗೆ. ಅವಳ ಭುಜ ಒಂದು ಸಲ ಅಲುಗಿತು. ಹಿಂದಿದ್ದ ಹೆಂಗಸರು ಹೊತ್ತಾಯಿತೆಂದು ಮೊಣಕೈ ತಾಗಿಸಿದರು. ಅವಳು ಪಕ್ಕದ ಹಿರಿಯನ ಮುಂದೆ ಹೋಗಿ ಬಗ್ಗಿದಳು.

ದಿಬ್ಬಣ ಗುಡ್ಡ ಹತ್ತುವುದನ್ನು ಅವನು ನಿಂತು ನೋಡಿದ. ಹೊರಟ ಹೆಣ್ಣು ತಿರುಗಿ ನೋಡಬಾರದೆಂಬುದು ಅವರ ಪದ್ಧತಿ. ಅವಳು ತಿರುಗಿ ನೋಡಲಿಲ್ಲ. ಪದ್ಧತಿಗೋ, ಬೇಡವೆಂದೋ ಅವನಿಗೆ ತಿಳಿಯುವ ಹಾಗಿರಲಿಲ್ಲ.

ಮಧ್ಯಾಹ್ನದ ಗಾಳಿ ಏಳುವ ಮೊದಲು ದೋಣಿ ಬಿಟ್ಟ. ದ್ವೀಪಕ್ಕೆ ಹೋಗುವವರು ನಾಲ್ಕಾರು ಜನ ಹತ್ತಿದ್ದರು. ಅವರಲ್ಲೊಬ್ಬ ಹೊಸಬ, ಆಡಿನ ವ್ಯಾಪಾರಿ, ಮದುವೆಯ ಮಾಂಸ ಬಹಳ ಚೆನ್ನಾಗಿತ್ತೆಂದು ಹೊಗಳಿ ಹೊಗಳಿ, ಕೊನೆಗೆ ಕಾವಿಮಣ್ಣು ಹತ್ತಿ ಕೆಂಪಾದ ಪಾರ್ಸಿಮೆಯ ಅಂಗೈಯನ್ನು ನೋಡಿ ಕೇಳಿದ: "ನೀವೂ ಮದುವೆಗೇ ಬಂದಿದ್ರಾ? ಯಾರ ಕಡೆಯವರು?"

"ಹೆಣ್ಣಿನ ಕಡೆ" ಎಂದ ಪಾರ್ಸಿಮೆ, ಮೋಟಾರಿನ ಹಗ್ಗ ಎಳೆಯುತ್ತ.